ತಲಕಾಡಿನ ಮರಳು: ಶಾಪವೋ, ಗಾಳಿಯೋ?



ನಮ್ಮ ಹುಲ್ಲಹಳ್ಳಿಯ ಬಳಿ ಕಪಿಲಾ ನದಿ ಹರಿಯುತ್ತದೆ. ಇದನ್ನೇ ಕಬಿನಿ ಎಂದೂ ಕರೆಯುತ್ತೇವೆ. ಈ ನೀರು ನಂಜನಗೂಡಿಗೆ ಹೋಗುತ್ತದೆ. ಅಲ್ಲಿಂದ ತಿರುಮಕೂಡಲು ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಕೂಡುತ್ತದೆ. ಎರಡೂ ಒಂದಾಗಿ ಮುಂದೆ ತಲಕಾಡಿಗೆ ಹೋಗುತ್ತವೆ. ಅಂದರೆ ನಾವು ಬಟ್ಟೆ ಒಗೆದ ನೀರು ತಲಕಾಡನ್ನೂ ನೋಡುತ್ತದೆ.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಬೋರ್ಡಿನ ಮೇಲೆ ‘ಮರಳು’ ಎಂಬ ಪದ ಬರೆದಿದ್ದೆವು. ಒಬ್ಬ ಅಜ್ಜಿ ಕೂಡಲೇ ಹೇಳಿದರು:

“ಮರಳು ಅಂದ್ರೆ ತಲಕಾಡು ಕಣವ್ವ. ಪಂಚಲಿಂಗ ದರ್ಶನಕ್ಕೆ ಹೋಗಿದ್ದೆ. ಎಲ್ಲಿ ನೋಡಿದ್ರೂ ಮರಳು. ಅಲಮೇಲಮ್ಮ ಕೊಟ್ಟ ಶಾಪ ಅದು.”

ಎಲ್ಲರೂ ಹೌದು ಹೌದು ಎಂದರು. ಒಬ್ಬ ತಂಗಿ ಮಾತ್ರ ತಲೆ ತಗ್ಗಿಸಿ ಕುಳಿತಳು. ಪಾಠ ಮುಗಿದ ಮೇಲೆ ಹತ್ತಿರ ಬಂದಳು.

“ಟೀಚರ್, ನಂಗೆ ಮದುವೆ ಆಗಿ ಹನ್ನೊಂದು ವರ್ಷ ಆಯ್ತು. ಮಕ್ಕಳಿಲ್ಲ. ಮನೇಲಿ ಈ ಕತೆ ಎತ್ತಿ ಎತ್ತಿ ಆಡ್ತಾರೆ. ಶಾಪ ಮೈಸೂರು ದೊರೆಗಳನ್ನೇ ಬಿಡಲಿಲ್ಲ, ನೀನ್ಯಾವ ಲೆಕ್ಕ ಅಂತಾರೆ. ಶಾಪ ಅನ್ನೋದು ನಿಜಾನಾ?”

ನಾವು ಆಗಲೇ ಉತ್ತರ ಕೊಡಲಿಲ್ಲ. “ಎಲ್ಲರೂ ಸೇರಿ ಹುಡುಕೋಣ” ಎಂದೆವು. ಪುಸ್ತಕ ಓದಿದೆವು. ಒಂದು ಭಾನುವಾರ ಬಸ್ಸು ಹತ್ತಿ ತಲಕಾಡಿಗೂ ಹೋಗಿ ಬಂದೆವು. ನಾವು ತಿಳಿದದ್ದನ್ನು ಈ ಪಾಠದಲ್ಲಿ ಹೇಳುತ್ತೇವೆ.

ಮರಳಿನ ಕೆಳಗೆ ಏನಿದೆ?

ತಲಕಾಡು ಬಹಳ ಹಳೆಯ ಊರು. ಸುಮಾರು 1500 ವರ್ಷಗಳ ಹಿಂದೆ ಅದು ಗಂಗ ಅರಸರ ರಾಜಧಾನಿ. ಸಾವಿರ ವರ್ಷಗಳ ಹಿಂದೆ ತಮಿಳುನಾಡಿನ ಚೋಳರು ಅದನ್ನು ಗೆದ್ದರು. ಊರಿಗೆ ರಾಜರಾಜಪುರ ಎಂದು ಹೆಸರಿಟ್ಟರು. ಆಮೇಲೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಸೋಲಿಸಿದ. ಅವನಿಗೆ ‘ತಲಕಾಡುಗೊಂಡ’ ಎಂಬ ಬಿರುದು ಬಂತು. 1117ರಲ್ಲಿ ಅವನು ಅಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಮುಂದೆ ವಿಜಯನಗರದವರು ಆಳಿದರು.

ಇಂಥ ದೊಡ್ಡ ಊರನ್ನು ಮರಳು ಮುಚ್ಚಿತು. ಗುಡಿಗಳು ಮರಳಿನೊಳಗೆ ಹೋದವು. ಈಗ ನಾವು ಕೆಲವು ಗುಡಿಗಳಿಗೆ ಮೆಟ್ಟಿಲು ಇಳಿದು ಹೋಗಬೇಕು. ಸುತ್ತ ಮರಳಿನ ಗೋಡೆ, ಮಧ್ಯೆ ಗುಡಿ.

ಕಣ್ಣಿಗೆ ಕಾಣದ ಊರಿನ ಬಗ್ಗೆ ಮಾತು ಬೇಗ ಬೆಳೆಯುತ್ತದೆ. ಒಳಗೆ ಚಿನ್ನ ಇದೆಯಂತೆ ಎನ್ನುತ್ತಾರೆ. ಸುರಂಗ ಇದೆಯಂತೆ ಎನ್ನುತ್ತಾರೆ. 1990ರ ದಶಕದ ಮೊದಲಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದರು. ಅಗೆಯುವವರು ಚಿನ್ನ ಹುಡುಕುವುದಿಲ್ಲ. ಅವರಿಗೆ ಮಡಕೆಯ ಚೂರೇ ಚಿನ್ನ. ಚೂರು ನೋಡಿ ಯಾವ ಕಾಲದ ಜನ, ಹೇಗೆ ಬಾಳಿದರು ಎಂದು ಹೇಳುತ್ತಾರೆ. ನಮ್ಮಂಥ ಹೆಂಗಸರು ಅಡಿಗೆ ಮಾಡಿ, ಒಡೆದು, ಹಿತ್ತಲಿಗೆ ಎಸೆದ ಮಡಕೆಗಳು ಅವು.

ಅಲಮೇಲಮ್ಮನ ಕತೆ

ಜನ ಹೇಳುವ ಕತೆ ಹೀಗಿದೆ.

ಸುಮಾರು 400 ವರ್ಷಗಳ ಹಿಂದೆ ಶ್ರೀರಂಗಪಟ್ಟಣವನ್ನು ವಿಜಯನಗರದ ಕಡೆಯ ತಿರುಮಲರಾಜ ಆಳುತ್ತಿದ್ದ. ಅವನಿಗೆ ಬೆನ್ನಿನಲ್ಲಿ ಹುಣ್ಣಾಯಿತು. ಗುಣವಾಗಲಿ ಎಂದು ತಲಕಾಡಿನ ವೈದ್ಯೇಶ್ವರನ ಬಳಿಗೆ ಬಂದ. ಅವನ ಹೆಂಡತಿ ಅಲಮೇಲಮ್ಮ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಅಲಮೇಲಮ್ಮ ತಲಕಾಡಿನ ಎದುರು ದಡದ ಮಾಲಂಗಿಗೆ ಬಂದಳು.

ಅವಳ ಒಡವೆಗಳನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುವ ಪದ್ಧತಿ ಇತ್ತು. ಆ ಒಡವೆ ಬೇಕೆಂದು ಅರಸರ ಕಡೆಯವರು ಬಂದರು. ಅವಳು ಮುತ್ತಿನ ಮೂಗುತಿ ಕೊಟ್ಟಳು. ಉಳಿದ ಒಡವೆಗಾಗಿ ಬೆನ್ನು ಹತ್ತಿದರು. ಅವಳು ಒಡವೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಕಾವೇರಿಗೆ ಹಾರಿದಳು. ಹಾರುವಾಗ ಮೂರು ಶಾಪ ಕೊಟ್ಟಳು. ತಲಕಾಡು ಮರಳಿನಲ್ಲಿ ಮುಚ್ಚಿಹೋಗಬೇಕು. ಮಾಲಂಗಿಯ ಹತ್ತಿರ ಹೊಳೆ ಆಳದ ಮಡುವಾಗಬೇಕು. ಮೈಸೂರು ಅರಸರಿಗೆ ಸಂತಾನ ಇರಬಾರದು.

ಈ ಕತೆ ಕೇಳಿದರೆ ಯಾರಿಗೂ ಕರುಳು ಚುರ್ ಎನ್ನುತ್ತದೆ. ಅರಸರೂ ಅವಳ ಮೂರ್ತಿ ಮಾಡಿಸಿ ಅರಮನೆಯಲ್ಲಿ ಪೂಜೆ ಮಾಡಿಸಿದರು ಎಂದು ಹೇಳುತ್ತಾರೆ. ಆದರೆ ಮರಳು ತಂದದ್ದು ಶಾಪವೇ? ಒಂದೊಂದಾಗಿ ನೋಡೋಣ.

ಮೊದಲನೆಯದು: ಮರಳು

ಬ್ರಿಟಿಷರ ಕಾಲದಲ್ಲಿ ಗೆಜೆಟಿಯರ್ ಎಂಬ ಸರ್ಕಾರಿ ಪುಸ್ತಕ ಬರೆಸುತ್ತಿದ್ದರು. ಅದರಲ್ಲಿ ತಲಕಾಡಿನ ಮಾತಿದೆ. ಮರಳಿನ ಗುಡ್ಡೆಗಳು ವರ್ಷಕ್ಕೆ 9ರಿಂದ 10 ಅಡಿ ಊರಿನ ಕಡೆಗೆ ಬರುತ್ತಿದ್ದವು. ಹೆಚ್ಚಾಗಿ ಮುಂಗಾರಿನ ತಿಂಗಳುಗಳಲ್ಲಿ ಬರುತ್ತಿದ್ದವು. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿದು ಬೇರೆ ಮನೆ ಕಟ್ಟಿಕೊಳ್ಳುತ್ತಿದ್ದರು.

ಇದನ್ನು ಓದಿದಾಗ ನಮ್ಮ ಅಜ್ಜಿಯೇ ಕೇಳಿದರು:

“ಶಾಪಕ್ಕೆ ಮುಂಗಾರು ಯಾಕೆ ಬೇಕವ್ವ? ಅದು ಯಾವಾಗ ಬೇಕಾದ್ರೂ ಬರಬೋದಲ್ಲ?”

ಒಳ್ಳೆಯ ಪ್ರಶ್ನೆ. ಮುಂಗಾರಿನ ಗಾಳಿ ನೈಋತ್ಯದಿಂದ, ಅಂದರೆ ತೆಂಕಣ-ಪಡುವಣ ಮೂಲೆಯಿಂದ ಬೀಸುತ್ತದೆ. ಆಷಾಢದ ಗಾಳಿ ನಮಗೆಲ್ಲ ಗೊತ್ತು. ತಲಕಾಡಿಗೆ ಹೊಳೆ ಇರುವುದೂ ಅದೇ ಕಡೆಗೆ. ಹೊಳೆಯ ಮರಳನ್ನು ಗಾಳಿ ಎತ್ತಿ ಊರಿನ ಮೇಲೆ ಹಾಕಿತು.

ಆದರೆ ಗಾಳಿ ಮೊದಲಿನಿಂದಲೂ ಇತ್ತಲ್ಲ? ಆಗ ಯಾಕೆ ಊರು ಮುಚ್ಚಲಿಲ್ಲ?

ಇದಕ್ಕೆ ನಾವು ಒಂದು ಪ್ರಯೋಗ ಮಾಡಿದೆವು. ಎರಡು ಮೊರ ತಂದೆವು. ಒಂದರಲ್ಲಿ ಒಣ ಮರಳು ಹಾಕಿದೆವು. ಇನ್ನೊಂದರಲ್ಲಿ ಒದ್ದೆ ಮರಳು ಹಾಕಿದೆವು. ಬೀಸಣಿಗೆಯಿಂದ ಜೋರಾಗಿ ಬೀಸಿದೆವು. ಒಣ ಮರಳು ಹಾರಿ ನಮ್ಮ ಕಣ್ಣಿಗೇ ಬಿತ್ತು. ಒದ್ದೆ ಮರಳು ಕದಲಲಿಲ್ಲ.

ಹೊಳೆಯಲ್ಲಿ ನೀರು ತುಂಬಿದ್ದರೆ ಮರಳು ನೀರಿನ ಅಡಿಯಲ್ಲಿ ಇರುತ್ತದೆ. ನೀರು ಇಳಿದರೆ ಮರಳು ಒಣಗುತ್ತದೆ. ಹಾಗಾದರೆ ನೀರು ಇಳಿದದ್ದು ಯಾಕೆ?

14ನೇ ಶತಮಾನದಲ್ಲಿ ವಿಜಯನಗರದ ಮಂತ್ರಿ ಮಾಧವಮಂತ್ರಿ ತಲಕಾಡಿನ ಮೇಲುಗಡೆ ಕಾವೇರಿಗೆ ಒಂದು ಕಟ್ಟೆ ಕಟ್ಟಿಸಿದ. ನೀರು ನಾಲೆಗೆ ಹರಿಯಿತು. ಗದ್ದೆ ಆಯಿತು. ಕಟ್ಟೆ ಅಂದರೆ ನಮಗೆ ಹೊಸದಲ್ಲ. ನಮ್ಮ ಹುಲ್ಲಹಳ್ಳಿಯಲ್ಲೂ ಕಪಿಲೆಗೆ ಕಟ್ಟೆ ಇದೆ. ಬೇಸಿಗೆಯಲ್ಲಿ ನಾಲೆ ತುಂಬಿದಾಗ ಕಟ್ಟೆಯ ಕೆಳಗೆ ಹೊಳೆ ಹೇಗಿರುತ್ತದೆ? ಬಂಡೆ, ಮರಳು ಎದ್ದು ಕಾಣುತ್ತವೆ. ತಲಕಾಡಿನಲ್ಲೂ ಹೀಗೇ ಆಯಿತು, ಕಟ್ಟೆ ಕಟ್ಟಿದ ಮೇಲೆ ಕೆಳಗಿನ ಮರಳು ಬಯಲಾಯಿತು ಎಂದು ಹೇಳುವವರಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಕೆ. ಎನ್. ಗಣೇಶಯ್ಯನವರು ಹೀಗೆ ವಾದಿಸಿದ್ದಾರೆ.

ಎಲ್ಲರೂ ಇದನ್ನು ಪೂರ್ತಿ ಒಪ್ಪುವುದಿಲ್ಲ. ಭೂಮಿಯ ಒಳಗಿನ ಬಂಡೆ ಕದಲಿ ಹೊಳೆಯ ದಾರಿ ಬದಲಾಗಿರಬಹುದು ಎಂದು ಕೆಲವು ಭೂವಿಜ್ಞಾನಿಗಳು ಹೇಳುತ್ತಾರೆ. ತಿಳಿದವರಲ್ಲೂ ಜಗಳ ಇದೆ. ಆದರೆ ಅವರ ಜಗಳ ಬೇರೆ ತರಹ. ‘ನಿನ್ನ ಸಾಕ್ಷಿ ಏನು, ತೋರಿಸು’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ನಾಳೆ ಹೊಸ ಸಾಕ್ಷಿ ಸಿಕ್ಕರೆ ತಮ್ಮ ಮಾತು ತಿದ್ದಿಕೊಳ್ಳುತ್ತಾರೆ. ಶಾಪ ಎಂದವರು ಸಾಕ್ಷಿ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ.

ಇನ್ನೊಂದು ಮಾತು. ಮರಳಿನ ಗುಡ್ಡೆಗಳ ಮೇಲೆ ಇಂದು ಮರಗಳ ತೋಪು ಇದೆ. ಮರದ ಬೇರು ಮರಳನ್ನು ಹಿಡಿಯುತ್ತದೆ, ಎಲೆ ಗಾಳಿಯನ್ನು ತಡೆಯುತ್ತದೆ. ಬೇರಿನ ಮಾತು ಕೇಳುವುದು ಮರಳು, ಶಾಪವಲ್ಲ.

ಎರಡನೆಯದು: ಮಾಲಂಗಿಯ ಮಡು

ತಲಕಾಡಿನ ಬಳಿ ಕಾವೇರಿ ದೊಡ್ಡದಾಗಿ ತಿರುಗುತ್ತದೆ. ಹೊಳೆ ತಿರುಗುವ ಕಡೆ ಹೊರಗಿನ ದಡಕ್ಕೆ ನೀರು ರಭಸವಾಗಿ ಬಡಿಯುತ್ತದೆ. ಅಲ್ಲಿ ಮಣ್ಣು ಕೊರೆದು ಆಳವಾಗುತ್ತದೆ. ಒಳಗಿನ ದಡದಲ್ಲಿ ನೀರು ನಿಧಾನ. ಅಲ್ಲಿ ಮರಳು ಕೂರುತ್ತದೆ. ತಲಕಾಡು ಒಳಗಿನ ದಡದಲ್ಲಿದೆ. ಮಾಲಂಗಿ ಎದುರು ದಡದಲ್ಲಿದೆ. ಒಂದು ದಡಕ್ಕೆ ಮರಳು, ಒಂದು ದಡಕ್ಕೆ ಮಡು. ಎರಡನ್ನೂ ಕೊಟ್ಟದ್ದು ಒಂದೇ ಹೊಳೆ.

ಮೂರನೆಯದು: ಅರಸರ ಮಕ್ಕಳು

ಮೈಸೂರು ಅರಮನೆಯಲ್ಲಿ ಹಲವು ಸಲ ದತ್ತು ತೆಗೆದುಕೊಂಡದ್ದು ನಿಜ. ಆದರೆ ಶಾಪ ಆದ ಮೇಲೆ ಅರಸರಿಗೆ ಮಕ್ಕಳೇ ಆಗಲಿಲ್ಲ ಎಂಬುದು ನಿಜವಲ್ಲ. ಚಿಕ್ಕದೇವರಾಜ ಒಡೆಯರಿಗೆ ಮಗ ಇದ್ದ. 1704ರಲ್ಲಿ ಅವನೇ ಪಟ್ಟಕ್ಕೆ ಬಂದ. ಕನ್ನಂಬಾಡಿ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ನಾವೆಲ್ಲ ನೆನೆಯುತ್ತೇವೆ. ಅವರು 1884ರಲ್ಲಿ ಹುಟ್ಟಿದರು. ಚಾಮರಾಜೇಂದ್ರ ಒಡೆಯರ ಸ್ವಂತ ಮಗ. 2015ರಲ್ಲಿ ದತ್ತು ಬಂದ ಯದುವೀರ ಅವರಿಗೆ 2017ರಲ್ಲಿ ಗಂಡು ಮಗು ಹುಟ್ಟಿತು.

ಕೆಲವರಿಗೆ ಮಕ್ಕಳಾದವು, ಕೆಲವರಿಗೆ ಆಗಲಿಲ್ಲ. ನಮ್ಮ ಬೀದಿಯಲ್ಲೂ ಹಾಗೇ ಅಲ್ಲವೇ? ನಮ್ಮ ಬೀದಿಗೆ ಯಾರು ಶಾಪ ಕೊಟ್ಟರು? ಕತೆಗೆ ಹೊಂದುವುದನ್ನು ನೆನಪಿಟ್ಟು, ಹೊಂದದ್ದನ್ನು ಮರೆತರೆ ಯಾವ ಶಾಪವೂ ನಿಜವಾಗಿಯೇ ಕಾಣುತ್ತದೆ.

ಬೇರೆ ದೇಶದಲ್ಲೂ ಇಂಥ ಕತೆ ಉಂಟು

ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿ ಪ್ಲೇಟೊ ಎಂಬ ಪಂಡಿತ ಇದ್ದ. ಅಟ್ಲಾಂಟಿಸ್ ಎಂಬ ದೊಡ್ಡ ನಾಡು ಕಡಲಲ್ಲಿ ಮುಳುಗಿತು ಎಂದು ಅವನು ಬರೆದ. ಇಂದಿಗೂ ಜನ ಅದನ್ನು ಹುಡುಕುತ್ತಾರೆ. ಅಂಥ ನಾಡು ಇತ್ತು ಎನ್ನುವುದಕ್ಕೆ ಒಂದು ಮಡಕೆ ಚೂರೂ ಸಿಕ್ಕಿಲ್ಲ. ಇಟಲಿ ದೇಶದ ಪಾಂಪೆ ಎಂಬ ಊರು ಬೇರೆ ತರಹ. 79ನೇ ಇಸವಿಯಲ್ಲಿ ಬೆಂಕಿ ಉಗುಳುವ ಬೆಟ್ಟದ ಬೂದಿ ಅದನ್ನು ಮುಚ್ಚಿತು. ಅಗೆದಾಗ ಬೀದಿ, ಮನೆ, ಒಲೆಯಲ್ಲಿ ಸುಟ್ಟ ರೊಟ್ಟಿ ಕೂಡ ಸಿಕ್ಕಿತು. ಒಂದು ಬರೀ ಮಾತು. ಇನ್ನೊಂದಕ್ಕೆ ಸಾಕ್ಷಿ ಇದೆ. ವ್ಯತ್ಯಾಸ ಇಷ್ಟೇ.

ಅಲಮೇಲಮ್ಮನಿಗೆ ನ್ಯಾಯ

ಹಾಗಾದರೆ ಅಲಮೇಲಮ್ಮನ ಕತೆಯನ್ನು ಬಿಟ್ಟುಬಿಡಬೇಕೇ? ಬೇಡ. ಅದು ನೊಂದ ಹೆಂಗಸಿನ ಕತೆ. ಗಂಡನ ಅಧಿಕಾರ ಹೋಯಿತು. ಊರು ಹೋಯಿತು. ಮೈಮೇಲಿನ ಒಡವೆಗೂ ಜನ ಬಂದರು. ಆ ದುಃಖವನ್ನು ಜನ ನೂರಾರು ವರ್ಷ ನೆನಪಿಟ್ಟಿದ್ದಾರೆ. ಆದರೆ ಊರು ಮುಚ್ಚಿದ ಪಾಪವನ್ನೂ ಅವಳ ತಲೆಗೇ ಕಟ್ಟಿದ್ದಾರೆ. ಅವಳು ಹೊಳೆಗೆ ಹಾರಿದಳು, ಮರಳು ಹೊರಲಿಲ್ಲ.

ಶಾಪ ಎಂದರೆ ವಿಚಾರ ಅಲ್ಲಿಗೇ ನಿಲ್ಲುತ್ತದೆ. ಗಾಳಿ, ನೀರು, ಕಟ್ಟೆ ಎಂದರೆ ಮುಂದೆ ಏನು ಮಾಡಬೇಕೆಂದು ಕೇಳಬಹುದು. ಮರ ನೆಡಬಹುದು. ಹೊಳೆಯ ದಡ ಕಾಯಬಹುದು.

ಮಕ್ಕಳಾಗದಿರುವುದೂ ಹೀಗೇ. ಅದಕ್ಕೆ ಕಾರಣ ಹೆಂಗಸಿನ ದೇಹದಲ್ಲಿ ಇರಬಹುದು, ಗಂಡಸಿನ ದೇಹದಲ್ಲೂ ಇರಬಹುದು. ಇಬ್ಬರೂ ವೈದ್ಯರಿಗೆ ತೋರಿಸಬೇಕು. ಎಷ್ಟೋ ಸಲ ಚಿಕಿತ್ಸೆ ಇದೆ. ಚಿಕಿತ್ಸೆ ಫಲಿಸದಿದ್ದರೂ ಅದು ಯಾರ ತಪ್ಪೂ ಅಲ್ಲ, ಯಾರ ಶಾಪವೂ ಅಲ್ಲ. ‘ಬಂಜೆ’ ಎಂದು ಯಾರನ್ನೂ ಕರೆಯಬಾರದು.

ಪಾಠದ ಕೊನೆಯ ದಿನ ಆ ತಂಗಿ ಸ್ಲೇಟಿನ ಮೇಲೆ ತಾನೇ ಒಂದು ವಾಕ್ಯ ಬರೆದಳು: ‘ಮರಳು ತಂದದ್ದು ಗಾಳಿ.’ ಅದನ್ನು ಮನೆಯಲ್ಲಿ ಓದಿ ಹೇಳುತ್ತೇನೆ ಎಂದಳು. ಮುಂದಿನ ವಾರ ಅವಳೂ ಅವಳ ಗಂಡನೂ ಜೊತೆಯಾಗಿ ಆಸ್ಪತ್ರೆಗೆ ಹೋಗಿ ಬಂದರು.

ಪದಗಳ ಅರ್ಥ

ಪುರಾತತ್ವ – ಹಳೆಯ ಕಾಲದ ವಸ್ತುಗಳನ್ನು ಅಗೆದು, ನೋಡಿ ತಿಳಿಯುವ ವಿದ್ಯೆ
ಮಡು – ಹೊಳೆಯಲ್ಲಿ ಆಳವಾದ ಜಾಗ
ಸಂತಾನ – ಮಕ್ಕಳು
ಸಾಕ್ಷಿ – ನಿಜವೆಂದು ತೋರಿಸುವ ಗುರುತು
ದತ್ತು – ಬೇರೆಯವರ ಮಗುವನ್ನು ತನ್ನ ಮಗುವಾಗಿ ತೆಗೆದುಕೊಳ್ಳುವುದು

ಉತ್ತರ ಹೇಳೋಣ

1. ತಲಕಾಡಿನ ಮರಳು ಯಾವ ತಿಂಗಳುಗಳಲ್ಲಿ ಹೆಚ್ಚು ಮುಂದೆ ಬರುತ್ತಿತ್ತು? ಯಾಕೆ?
2. ಮಾಧವಮಂತ್ರಿಯ ಕಟ್ಟೆಯಿಂದ ಆದ ಒಳ್ಳೆಯದು ಏನು? ಆಗಿರಬಹುದಾದ ಕೆಟ್ಟದ್ದು ಏನು?
3. ನಾಲ್ವಡಿ ಕೃಷ್ಣರಾಜ ಒಡೆಯರು ಯಾವ ಇಸವಿಯಲ್ಲಿ ಹುಟ್ಟಿದರು?

ಮಾಡಿ ನೋಡೋಣ

ಒಣ ಮರಳು, ಒದ್ದೆ ಮರಳು ಎರಡಕ್ಕೂ ಬೀಸಣಿಗೆ ಬೀಸಿ. ಕಂಡದ್ದನ್ನು ಎರಡು ವಾಕ್ಯದಲ್ಲಿ ಬರೆಯಿರಿ.

ಚರ್ಚೆ ಮಾಡೋಣ

ನಮ್ಮ ಊರಿನಲ್ಲಿ ‘ಶಾಪ’ ಎಂದು ಹೇಳುವ ಒಂದು ಸಂಗತಿ ಯಾವುದು? ಅದಕ್ಕೆ ಸಾಕ್ಷಿ ಏನು? ಬೇರೆ ಕಾರಣ ಇರಬಹುದೇ? ಎಲ್ಲರೂ ಕುಳಿತು ಮಾತಾಡಿ. ಅಜ್ಜಿಯರನ್ನೂ ಕೇಳಿ. ಕತೆ ಅವರಿಗೇ ಹೆಚ್ಚು ಗೊತ್ತು. ಒಳ್ಳೆಯ ಪ್ರಶ್ನೆಯೂ ಅವರಿಂದಲೇ ಬರಬಹುದು.