ಹೊಸ ವರ್ಷಕ್ಕೆ ಒಂದೇ ಗುರಿ: ಕೈ ಊರದೆ ಏಳುವುದು



ಮಗನ ಮನೆಗೋ ಮಗಳ ಮನೆಗೋ ಎಂದು ಜಿದ್ದಾಕ್ಕೆ ಬಂದಿದ್ದೀರಿ. ಊರಿನಲ್ಲಿದ್ದಾಗ ಬೆಳಿಗ್ಗೆ ಎದ್ದರೆ ಅಂಗಳ ಗುಡಿಸಿ ನೀರು ಹಾಕುವುದು, ಪೂಜೆಗೆ ಹೂ ಕೊಯ್ಯುವುದು, ಹಾಲು ತರುವುದು, ಸಂಜೆ ದೇವಸ್ಥಾನದ ಕಡೆ ಹೋಗಿ ಬರುವುದು ಇದ್ದೇ ಇತ್ತು. ಅದನ್ನು ಯಾರೂ ವ್ಯಾಯಾಮ ಎಂದು ಕರೆಯುತ್ತಿರಲಿಲ್ಲ. ಇಲ್ಲಿ ಫ್ಲ್ಯಾಟಿನಿಂದ ಲಿಫ್ಟು, ಲಿಫ್ಟಿನಿಂದ ಕಾರು. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಸೋಫಾ, ಟಿವಿ, ಫೋನು. ಏನಾದರೂ ಕೆಲಸಕ್ಕೆ ಕೈ ಹಾಕಿದರೆ, "ಅಮ್ಮಾ, ನೀವು ಸುಮ್ಮನೆ ಕೂತ್ಕೊಳ್ಳಿ" ಎಂಬ ಪ್ರೀತಿಯ ಮಾತು ಬೇರೆ.

ಮೂರು ತಿಂಗಳು ಹೀಗೆ ಕಳೆದು ಊರಿಗೆ ಹೋದಾಗ ನಮ್ಮ ಮನೆಯ ಮೆಟ್ಟಿಲೇ ಎತ್ತರವಾದ ಹಾಗೆ ಕಾಣುತ್ತದೆ. ಮೆಟ್ಟಿಲು ಎತ್ತರವಾಗಿಲ್ಲ, ತೊಡೆಯ ಶಕ್ತಿ ಕುಗ್ಗಿದೆ. ಹೊಸ ವರ್ಷಕ್ಕೆ ಯಾವ ಗುರಿ ಇಟ್ಟುಕೊಳ್ಳಬೇಕು, ಅದನ್ನು ಜಿದ್ದಾದಲ್ಲೇ ಇದ್ದು ಹೇಗೆ ಸಾಧಿಸಬಹುದು ಎಂಬುದೇ ಈ ಪಾಠ. ಶಿಬಿರದಿಂದ ಮನೆಗೆ ಹೋದ ಮೇಲೆ ನಿಧಾನವಾಗಿ ಓದಿ. ಸಾಧ್ಯವಾದರೆ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಓದಿ.

೧. ಕೂತರೆ ಏನಾಗುತ್ತದೆ?

ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಹತ್ತೇ ದಿನದಲ್ಲಿ ಅವರ ಕಾಲುಗಳ ಮಾಂಸಖಂಡ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ನಾವೇನೂ ಹಾಸಿಗೆ ಹಿಡಿದಿಲ್ಲ, ನಿಜ. ಆದರೆ ದಿನವಿಡೀ ಕೂತೇ ಇದ್ದರೆ ಅದೇ ದಾರಿಯಲ್ಲಿ ನಿಧಾನವಾಗಿ ಹೋಗುತ್ತೇವೆ.

ಇನ್ನೊಂದು ಸಂಗತಿ ಸಂತೋಷದ್ದು. 1990ರಲ್ಲಿ ಪ್ರಕಟವಾದ ಬೋಸ್ಟನ್ನಿನ ಅಧ್ಯಯನದಲ್ಲಿ ವೃದ್ಧಾಶ್ರಮವೊಂದರ ಹತ್ತು ಮಂದಿಗೆ ಎಂಟು ವಾರ ತೊಡೆಗೆ ಬಲ ಕೊಡುವ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ವ್ಯಾಯಾಮ ಪೂರ್ತಿ ಮಾಡಿದವರ ತೊಡೆಯ ಬಲ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. "ಇನ್ನು ಈ ವಯಸ್ಸಿನಲ್ಲಿ ಏನು ಮಾಡೋದು" ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ತೊಂಬತ್ತರವರಿಗೆ ಆದದ್ದು ಎಪ್ಪತ್ತರ ನಮಗೆ ಆಗದೇ?

೨. ಎಂಥ ಗುರಿ ಬೇಡ, ಎಂಥದು ಬೇಕು?

"ಈ ವರ್ಷ ಹತ್ತು ಕಿಲೋ ಇಳಿಸುತ್ತೇನೆ" ಎಂಬ ಗುರಿ ಬೇಡ. ವಯಸ್ಸಾದ ಮೇಲೆ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ.

"ದಿನಕ್ಕೆ ಹತ್ತು ಸಾವಿರ ಹೆಜ್ಜೆ" ಎಂಬುದೂ ಬೇಡ. ಈ ಸಂಖ್ಯೆ ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ "ಹತ್ತು ಸಾವಿರ ಹೆಜ್ಜೆಯ ಮಾಪಕ". ಆ ಹೆಸರು ಲೋಕವನ್ನೆಲ್ಲ ಸುತ್ತಿ ಈಗ ಮಗ ಕೊಡಿಸಿದ ಕೈಗಡಿಯಾರದಲ್ಲಿ ಬಂದು ಕೂತಿದೆ. ಇವತ್ತು ಎರಡು ಸಾವಿರ ಹೆಜ್ಜೆ ನಡೆಯುವವರು ಎರಡೂವರೆ ಸಾವಿರ ನಡೆದರೂ ಅದು ಲಾಭವೇ.

ಒಳ್ಳೆಯ ಗುರಿ ಎಂದರೆ ನಿಮ್ಮ ಬದುಕಿಗೆ ಬೇಕಾದ ಒಂದು ಕೆಲಸ. ಕೆಳಗಿನವುಗಳಲ್ಲಿ ಯಾವುದು ನಿಮ್ಮದು, ನೋಡಿ:

• ಊರಿನ ಜಾತ್ರೆಯ ದಿನ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಮಾಡಿ, ಯಾರ ಕೈಯನ್ನೂ ಹಿಡಿಯದೆ ಏಳಬೇಕು.
• ದೇವಸ್ಥಾನದ ಮೆಟ್ಟಿಲನ್ನು ನಡುವೆ ಕೂರದೆ ಹತ್ತಬೇಕು.
• ಮೊಮ್ಮಗುವನ್ನು ನೆಲದಿಂದ ಎತ್ತಿಕೊಳ್ಳಬೇಕು.
• ರಾತ್ರಿ ಎದ್ದು ಬಚ್ಚಲಿಗೆ ಬೀಳುವ ಭಯವಿಲ್ಲದೆ ಹೋಗಿ ಬರಬೇಕು.
• ಊರಿಗೆ ಹೋಗುವಾಗ ವಿಮಾನ ನಿಲ್ದಾಣದಲ್ಲಿ ವ್ಹೀಲ್‌ಚೇರ್ ಇಲ್ಲದೆ ನಡೆಯಬೇಕು.

ಎಲ್ಲದರ ಬೇರು ಒಂದೇ: ಕೂತಲ್ಲಿಂದ ಕೈ ಊರದೆ ಏಳುವ ಶಕ್ತಿ ಮತ್ತು ಎದ್ದ ಮೇಲೆ ತೂಗಾಡದೆ ನಿಲ್ಲುವ ಹಿಡಿತ. ಆದ್ದರಿಂದ ಜನವರಿಯಿಂದ ಯುಗಾದಿಯ ಹೊತ್ತಿಗೆ, ಹನ್ನೆರಡು ವಾರಗಳಲ್ಲಿ, ಇವೆರಡನ್ನು ಬೆಳೆಸಿಕೊಳ್ಳೋಣ.

೩. ಇವತ್ತು ಎಲ್ಲಿದ್ದೇವೆ? ಅಳೆದು ನೋಡೋಣ

ಕುರ್ಚಿ ಪರೀಕ್ಷೆ: ಊಟದ ಮೇಜಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಸೋಫಾ ಬೇಡ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಇಟ್ಟುಕೊಳ್ಳಿ. ಪೂರ್ತಿ ಎದ್ದು ನಿಂತು, ಮತ್ತೆ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರಿ ಎಂದು ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಎಣಿಸಲಿ.

ಈ ಕೆಳಗಿನ ಸಂಖ್ಯೆಗಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ:

ವಯಸ್ಸು 60–64: ಗಂಡಸರು 14, ಹೆಂಗಸರು 12
65–69: ಗಂಡಸರು 12, ಹೆಂಗಸರು 11
70–74: ಗಂಡಸರು 12, ಹೆಂಗಸರು 10
75–79: ಗಂಡಸರು 11, ಹೆಂಗಸರು 10
80–84: ಗಂಡಸರು 10, ಹೆಂಗಸರು 9

ಕೈ ಊರಿಯೇ ಏಳಬೇಕಾದರೆ ಸೊನ್ನೆ ಎಂದು ಬರೆಯಿರಿ. ನಾಚಿಕೆ ಪಡಬೇಡಿ. ಸೊನ್ನೆಯಿಂದ ಮೂರಕ್ಕೆ ಬಂದವರ ಗೆಲುವು ಹನ್ನೆರಡರಿಂದ ಹದಿನೈದಕ್ಕೆ ಹೋದವರ ಗೆಲುವಿಗಿಂತ ದೊಡ್ಡದು.

ನಿಲ್ಲುವ ಪರೀಕ್ಷೆ: ಅಡುಗೆಮನೆಯ ಕಟ್ಟೆಯ ಪಕ್ಕ ನಿಲ್ಲಿ. ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ, ಒಂದೇ ಗೆರೆಯಲ್ಲಿ ಇಟ್ಟು ಕೈ ಬಿಡಿ. ಹತ್ತು ಸೆಕೆಂಡು ನಿಲ್ಲಲು ಆಗದಿದ್ದರೆ ಹಿಡಿತ ಕಡಿಮೆ ಎಂದು ಅರ್ಥ. ಅಂಥವರು ಕಟ್ಟೆಯನ್ನು ಹಿಡಿದುಕೊಂಡೇ ಅಭ್ಯಾಸ ಶುರು ಮಾಡಿ.

೪. ಮನೆಯೊಳಗಿನ ನಾಲ್ಕು ಅಭ್ಯಾಸ

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಮಾಡಿ. ಊಟವಾದ ಕೂಡಲೇ ಬೇಡ. ಉಸಿರು ಕಟ್ಟಬೇಡಿ, ಬಾಯಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರೆ ಉಸಿರು ತಾನೇ ಸರಿಯಾಗಿ ಆಡುತ್ತದೆ.

• ಕೂತು ಏಳುವುದು: ಐದು ಸಲದಿಂದ ಶುರು. ಕೂರುವಾಗ ದೊಪ್ಪೆಂದು ಕೂರದೆ ಮೂರು ಎಣಿಸುತ್ತಾ ಇಳಿಯಿರಿ. ಕೈ ಊರದೆ ಆಗದಿದ್ದರೆ ಕುರ್ಚಿಯ ಮೇಲೆ ಒಂದು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ವಾರ ಕಳೆದಂತೆ ದಿಂಬು ತೆಗೆಯಿರಿ.
• ಹಿಮ್ಮಡಿ ಎತ್ತುವುದು: ಕಟ್ಟೆ ಹಿಡಿದು ತುದಿಗಾಲಲ್ಲಿ ಹತ್ತು ಸಲ ನಿಲ್ಲಿ. ಕುಕ್ಕರ್ ಕೂಗುವುದನ್ನು ಕಾಯುವ ಹೊತ್ತಿನಲ್ಲೇ ಇದು ಮುಗಿಯುತ್ತದೆ.
• ಗೋಡೆ ತಳ್ಳುವುದು: ಗೋಡೆಯಿಂದ ಒಂದು ತೋಳು ದೂರ ನಿಂತು ಎರಡೂ ಅಂಗೈ ಊರಿ, ಮೊಣಕೈ ಮಡಚಿ ಮುಂದೆ ಬಾಗಿ, ಮತ್ತೆ ಹಿಂದೆ ಬನ್ನಿ. ಎಂಟು ಸಲ.
• ಗೆರೆಯ ಮೇಲೆ ನಡಿಗೆ: ಟೈಲ್ಸಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತಾ ಗೋಡೆಯ ಪಕ್ಕದಲ್ಲೇ ಹತ್ತು ಹೆಜ್ಜೆ ಹೋಗಿ ಬನ್ನಿ.

ಎರಡು ವಾರಕ್ಕೊಮ್ಮೆ ಒಂದೆರಡು ಸಲ ಹೆಚ್ಚಿಸಿ. ಮರುದಿನ ತೊಡೆ ಸ್ವಲ್ಪ ನೋಯುವುದು ಸಹಜ. ಮಂಡಿ ಊದಿಕೊಂಡರೆ ಅಥವಾ ಚುಚ್ಚುವ ನೋವು ಬಂದರೆ ನಿಲ್ಲಿಸಿ ವೈದ್ಯರನ್ನು ಕೇಳಿ. ಮಂಡಿಯ ಆಪರೇಷನ್ ಆದವರು ನೆಲದ ಮೇಲೆ ಕೂರುವ ಗುರಿ ಇಟ್ಟುಕೊಳ್ಳುವ ಮೊದಲು ಆಪರೇಷನ್ ಮಾಡಿದ ವೈದ್ಯರ ಒಪ್ಪಿಗೆ ಪಡೆಯಬೇಕು.

೫. ಜಿದ್ದಾದಲ್ಲಿ ನಡಿಗೆ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಅಳತೆ ವಾರಕ್ಕೆ ಕನಿಷ್ಠ 150 ನಿಮಿಷ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಒಮ್ಮೆಗೇ ಅರ್ಧ ಗಂಟೆ ಬೇಕಿಲ್ಲ, ಹತ್ತು ಹತ್ತು ನಿಮಿಷ ಮೂರು ಸಲ ಆದರೂ ಸಾಕು. ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ವೇಗದ ಅಳತೆ ಅಷ್ಟೇ.

ಜನವರಿ, ಫೆಬ್ರವರಿ ಇಲ್ಲಿ ನಡೆಯಲು ಒಳ್ಳೆಯ ಕಾಲ. ಬೆಳಿಗ್ಗೆ ಹಿತವಾದ ಗಾಳಿ, ಮಧ್ಯಾಹ್ನ ಮಾತ್ರ ಬಿಸಿಲು. ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಭಾರತಕ್ಕಿಂತ ಇಲ್ಲಿನ ಗಡಿಯಾರ ಎರಡೂವರೆ ಗಂಟೆ ಹಿಂದೆ. ಊರಿನ ಅಭ್ಯಾಸದಂತೆ ಆರು ಗಂಟೆಗೆ ಎಚ್ಚರವಾದರೆ ಇಲ್ಲಿ ಇನ್ನೂ ಮೂರೂವರೆ. ಮೊದಲ ವಾರ ಕತ್ತಲಲ್ಲೇ ಎದ್ದು ಹೊರಡಬೇಡಿ. ಬೆಳಕಾದ ಮೇಲೆ ಹೋಗಿ, ಮೈಗೆ ಸ್ವಲ್ಪ ಎಳೆ ಬಿಸಿಲೂ ಬೀಳಲಿ. ಮೇ ತಿಂಗಳಿನ ನಂತರವೂ ಇಲ್ಲೇ ಇರುವವರು ಹಗಲಿನ ನಡಿಗೆ ಪೂರ್ತಿ ಬಿಡಿ. ಆಗ ಬಿಸಿಲು 40 ಡಿಗ್ರಿಯ ಹತ್ತಿರ ಇರುತ್ತದೆ, ಸಮುದ್ರದ ತೇವ ಸೇರಿ ಬೆವರು ಆರುವುದೇ ಇಲ್ಲ. ಆ ತಿಂಗಳುಗಳಲ್ಲಿ ಮಾಲ್‌ಗಳ ಒಳಗೆ ನಡೆಯುವುದೇ ಜಾಣತನ.

ವಾರದ ರಜೆ ಶುಕ್ರವಾರ, ಶನಿವಾರ. ಆ ಎರಡು ಸಂಜೆಗಳಲ್ಲಿ ಮಕ್ಕಳ ಜೊತೆ ಕೆಂಪು ಸಮುದ್ರದ ದಡದ ಕಾರ್ನಿಶ್‌ಗೆ ಹೋಗಿ. ದಾರಿ ಸಮತಟ್ಟಾಗಿದೆ, ಕೂರಲು ಬೆಂಚುಗಳಿವೆ. ಕಾರಿನಲ್ಲಿ ಕೂತು ಸಮುದ್ರ ನೋಡಿ ಬರುವುದಲ್ಲ, ಇಳಿದು ನಡೆಯಬೇಕು. ಮೊದಲ ವಾರ ಒಂದು ಬೆಂಚಿನಿಂದ ಮುಂದಿನ ಬೆಂಚಿನವರೆಗೆ, ಮರುವಾರ ಇನ್ನೊಂದು ಬೆಂಚು ದಾಟಿ.

ಮೂರು ಎಚ್ಚರಿಕೆಗಳು:

• ಇಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ನಮ್ಮೂರಿನಲ್ಲಿ ದಾಟುವಾಗ ಮೊದಲು ಬಲಕ್ಕೆ ನೋಡಿ ರೂಢಿ. ಇಲ್ಲಿ ಮೊದಲು ಎಡಕ್ಕೆ ನೋಡಿ. ಎಷ್ಟೋ ವರ್ಷದ ರೂಢಿ ಒಂದು ದಿನದಲ್ಲಿ ಹೋಗುವುದಿಲ್ಲ, ಆದ್ದರಿಂದ ಒಬ್ಬರೇ ದೊಡ್ಡ ರಸ್ತೆ ದಾಟಬೇಡಿ.
• ಸೀರೆಯ ಅಥವಾ ಅಬಾಯಾದ ಅಂಚು ಕಾಲಿಗೆ ತೊಡರದಂತೆ ಕಣಕಾಲಿನವರೆಗೆ ಎತ್ತರಿಸಿ ಹೊಲಿಸಿಕೊಳ್ಳಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಇರಲಿ.
• ನಯವಾದ ನೆಲ ಒದ್ದೆಯಾದರೆ ಜಾರುತ್ತದೆ. ಬಚ್ಚಲಿನಲ್ಲಿ ಜಾರದ ಮ್ಯಾಟು, ರಾತ್ರಿ ದಾರಿಯಲ್ಲಿ ಒಂದು ಸಣ್ಣ ದೀಪ ಹಾಕಿಸಿ.

೬. ಊಟ, ನೀರು, ಮಾತ್ರೆ

ಮಾಂಸಖಂಡ ಬೆಳೆಯಲು ಪ್ರೋಟೀನ್ ಬೇಕು. ಅನ್ನ ಒಂದು ಹಿಡಿ ಕಡಿಮೆ ಮಾಡಿ, ಬೇಳೆ, ಹೆಸರುಕಾಳು, ಕಡಲೆ, ಮೊಸರು ಹೆಚ್ಚಿಸಿ. ಮೊಟ್ಟೆ, ಮೀನು ತಿನ್ನುವವರಿಗೆ ಅವೂ ಒಳ್ಳೆಯದು. ಇಲ್ಲಿನ ಅಂಗಡಿಯಲ್ಲಿ ಸಿಗುವ ಲಬನ್ ನಮ್ಮ ಮಜ್ಜಿಗೆಯ ನೆಂಟ. ಸ್ವಲ್ಪ ನೀರು ಬೆರೆಸಿ, ಶುಂಠಿ-ಕೊತ್ತಂಬರಿ ಹಾಕಿ ಕುಡಿಯಿರಿ. ಖರ್ಜೂರ ಒಳ್ಳೆಯದೇ, ಆದರೆ ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವವರು ದಿನಕ್ಕೆ ಒಂದಕ್ಕೆ ನಿಲ್ಲಿಸಿ.

ಏಸಿ ಕೋಣೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ. ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಆಗಾಗ ಗುಟುಕರಿಸಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯಲು ಹೋಗಬೇಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈ ನಡುಕ, ತಣ್ಣನೆ ಬೆವರು, ಗಲಿಬಿಲಿ ಆದರೆ ಕೂಡಲೇ ಕೂತು ಮೂರು ಚಮಚ ಸಕ್ಕರೆ ತಿನ್ನಿ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿದ್ದರೂ ಹೀಗೆಯೇ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಕೊಳ್ಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹಾಸಿಗೆಯಿಂದ ಏಳುವಾಗ ಮೊದಲು ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ.

೭. ಯಾವಾಗ ನಿಲ್ಲಿಸಬೇಕು?

ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಕಣ್ಣು ಕತ್ತಲೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು: ಇವುಗಳಲ್ಲಿ ಒಂದು ಕಂಡರೂ "ಗ್ಯಾಸ್ ಇರಬೇಕು, ಮಗನಿಗೆ ಯಾಕೆ ತೊಂದರೆ" ಎಂದು ಸುಮ್ಮನಿರಬೇಡಿ. ಇಲ್ಲಿ ಆಂಬುಲೆನ್ಸ್ ಸಂಖ್ಯೆ 997. ತಡಮಾಡಿದರೆ ಮಗನಿಗೆ ಆಗುವ ತೊಂದರೆ ಇನ್ನೂ ದೊಡ್ಡದು.

ಒಂದು ಸಣ್ಣ ಚೀಟಿಯಲ್ಲಿ ನಿಮ್ಮ ಹೆಸರು, ಕಾಯಿಲೆ, ಮಾತ್ರೆಗಳು, ಮಕ್ಕಳ ಫೋನ್ ಸಂಖ್ಯೆ, ಮನೆಯ ವಿಳಾಸ ಇವನ್ನು ಅರೇಬಿಕ್ ಮತ್ತು ಇಂಗ್ಲಿಷ್‌ನಲ್ಲಿ ಬರೆಸಿ ಸದಾ ಜೊತೆಯಲ್ಲಿಡಿ. ಎರಡು ಪದ ಕಲಿತಿರಿ: ನೀರಿಗೆ "ಮೋಯಾ", ಸಕ್ಕರೆಗೆ "ಸುಕ್ಕರ್".

೮. ಮಕ್ಕಳಿಗೆ ಒಂದು ಮಾತು

ಈ ಪುಟವನ್ನು ಮಕ್ಕಳಿಗೂ ತೋರಿಸಿ. ಅಪ್ಪ-ಅಮ್ಮನನ್ನು ಸುಮ್ಮನೆ ಕೂರಿಸುವುದು ಸೇವೆಯಲ್ಲ. ಸೊಪ್ಪು ಬಿಡಿಸಲಿ, ಬಟ್ಟೆ ಮಡಚಲಿ, ಮೊಮ್ಮಗುವನ್ನು ಶಾಲೆಯ ವ್ಯಾನಿನವರೆಗೆ ಕರೆದುಕೊಂಡು ಹೋಗಲಿ. ಅವರಿಂದ ಆಗುವ ಕೆಲಸ ಅವರಿಗೇ ಬಿಡಿ. ದಿನಕ್ಕೆ ಹದಿನೈದು ನಿಮಿಷ ಅವರ ಜೊತೆ ನಡೆದರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

೯. ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ

ಊರಿಗೆ ಹೋದಾಗ ನಾನು ಮಾಡಬೇಕೆಂದಿರುವ ಕೆಲಸ: ____________
ಕುರ್ಚಿ ಪರೀಕ್ಷೆ, ಇಂದು: ____ ಸಲ
4ನೇ ವಾರ: ____   8ನೇ ವಾರ: ____   12ನೇ ವಾರ: ____
ನಿಲ್ಲುವ ಪರೀಕ್ಷೆ, ಇಂದು: ____ ಸೆಕೆಂಡು   12ನೇ ವಾರ: ____
ಅಭ್ಯಾಸದ ದಿನಗಳು: ____________
ನನ್ನ ಜೊತೆ ನಡೆಯುವವರು: ____________

ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ. ಒಂದು ವಾರವೇ ತಪ್ಪಿದರೆ ಹಿಂದಿನ ವಾರದ ಲೆಕ್ಕದಿಂದ ಮತ್ತೆ ಶುರು ಮಾಡಿ. ವ್ರತ ಕೆಟ್ಟಿತು ಎಂದು ಕೈಬಿಡಬೇಡಿ. ದಿನವೂ ದೀಪಕ್ಕೆ ಎಣ್ಣೆ ಹಾಕುತ್ತೇವೆ, ನಿನ್ನೆ ಮರೆತೆವೆಂದು ಇವತ್ತು ಬಿಡುವುದಿಲ್ಲವಲ್ಲ.

ಯುಗಾದಿಯ ದಿನ ಬೇವು-ಬೆಲ್ಲ ತಿನ್ನುವ ಮೊದಲು ಅದೇ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಗೆ ಇಟ್ಟುಕೊಂಡು, ಮತ್ತೆ ಎಣಿಸಿ. ಆ ಸಂಖ್ಯೆಯನ್ನು ಮುಂದಿನ ಶಿಬಿರಕ್ಕೆ ಬಂದಾಗ ನಮಗೂ ಹೇಳಿ. ಎಲ್ಲರಿಗೂ ಹೊಸ ವರ್ಷದ ಶುಭಾಶಯಗಳು.