ತಪ್ಪು ಲೆಕ್ಕವನ್ನೇ ಗ್ರೂಪಿಗೆ ಹಾಕಿ

ಪ್ರಶ್ನೆ: ಗೋಕಾಕ, ಮೂಡಲಗಿ, ಹುಕ್ಕೇರಿಯ ಗಣಿತ ಶಿಕ್ಷಕರು ಸೇರಿ ವಾಟ್ಸ್ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಶುಭೋದಯ, ಸುತ್ತೋಲೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಇದರಿಂದ ಮಕ್ಕಳಿಗೇನು ಲಾಭ?

ಉತ್ತರ: ಸರ್, ನೀವೆಲ್ಲ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯವರು. ಪಠ್ಯ ಒಂದೇ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಒಂದೇ. ಮಕ್ಕಳ ತಪ್ಪುಗಳೂ ಹೆಚ್ಚುಕಡಿಮೆ ಒಂದೇ. ಅಲ್ಲಿಂದಲೇ ಶುರು ಮಾಡಿ. √(9+16) ಅಂದರೆ 3+4, ಅಂದರೆ 7 ಎಂದು ಬರೆದ ನೋಟ್‌ಬುಕ್ಕಿನ ಪುಟದ ಫೋಟೊ ಹಾಕಿ. ಮಗುವಿನ ಹೆಸರು ಕಾಣದಿರಲಿ. ‘ಇದನ್ನು ಹೇಗೆ ತಿದ್ದುತ್ತೀರಿ?’ ಎಂದು ಕೇಳಿ. ಒಬ್ಬರು 25ರ ವರ್ಗಮೂಲ ಬರೆದು ಮುಗಿಸುತ್ತಾರೆ. ಇನ್ನೊಬ್ಬರು ಶಾಲೆಯ ಅಂಗಳದಲ್ಲಿ 3 ಮೀಟರ್, ಅದಕ್ಕೆ ಲಂಬವಾಗಿ 4 ಮೀಟರ್ ಅಳೆಸಿ, ಓರೆಗೆ ಹಗ್ಗ ಹಿಡಿಸುತ್ತಾರೆ. ಹಗ್ಗ 5 ಮೀಟರಿಗೇ ನಿಲ್ಲುವುದನ್ನು ಕಂಡ ಮಗು ಮತ್ತೆ 7 ಬರೆಯುವುದು ಅಪರೂಪ. ಈ ಎರಡನೇ ಉತ್ತರಕ್ಕಾಗಿಯೇ ಗ್ರೂಪ್ ಬೇಕು.

ರೇಖಾಗಣಿತಕ್ಕೆ ಜಿಯೋಜೀಬ್ರಾ ಇದೆ. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ; ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಬ್ಬರು ವೃತ್ತದ ಸ್ಪರ್ಶಕ ಬರೆದು ಫೈಲ್ ಕಳಿಸಲಿ, ಉಳಿದವರು ತಮ್ಮ ತರಗತಿಯಲ್ಲಿ ಹೊರಗಿನ ಬಿಂದುವನ್ನು ಎಳೆದಾಡಿ ತೋರಿಸಲಿ. ಬಿಂದು ಎಲ್ಲಿಗೆ ಹೋದರೂ ಎರಡೂ ಸ್ಪರ್ಶಕಗಳ ಉದ್ದ ಸಮವೇ.

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ನಮ್ಮ ಶಿಕ್ಷಕರೇ ಕೂಡಿ ಬರೆದ ಕನ್ನಡ ಸಾಮಗ್ರಿಯಿದೆ, ತಿದ್ದಿ ಬಳಸಬಹುದು. ವಿಡಿಯೊಗಳನ್ನು ಸುಮ್ಮನೆ ಫಾರ್ವರ್ಡ್ ಮಾಡಬೇಡಿ, ಅದು ಬೋಧನೆಯಲ್ಲ.

ಮೊದಲ ಫೋಟೊ ನಿಮ್ಮ ತರಗತಿಯದೇ ಆಗಿರಲಿ. ಬೇರೆಯವರ ಸಂಕೋಚ ತಾನಾಗಿಯೇ ಬಿಡುತ್ತದೆ.