ಸೈಕಲ್ ರಿಪೇರಿಗೆ ಎಂಥ ಸ್ಟ್ಯಾಂಡು ಬೇಕು?

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸೈಕಲ್ ಇಟ್ಟುಕೊಂಡವರಿಗೆ ವರ್ಷವಿಡೀ ತಪ್ಪದ ಕೆಲಸ ಒಂದೇ, ಚೈನು ಒರೆಸುವುದು. ಸಂಡೂರಿನ ಕಡೆ ಹೋಗಿಬಂದರೆ ಅದಿರಿನ ಕೆಂಪು ದೂಳು. ಕಾಲುವೆ ದಂಡೆ ಹಿಡಿದು ಗದ್ದೆಗಳ ಕಡೆ ಹೊರಟರೆ ಕೆಸರು. ಎಣ್ಣೆ ಬಿಟ್ಟ ಚೈನಿನ ಮೇಲೆ ಇವೆರಡೂ ಕೂತವೆಂದರೆ ಗೇರಿನ ಹಲ್ಲುಗಳನ್ನು ತೇಯತೊಡಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾದಾಗ ಹೊಸಪೇಟೆಯ ಚಹಾದಂಗಡಿಗಳಲ್ಲಿ ಕೂತವರೆಲ್ಲ ಚೈನಿನ ಪಂಡಿತರಾಗಿದ್ದರು. ಆಗಾಗ ನೋಡಿಕೊಳ್ಳದ ಚೈನು ಒಂದು ದಿನ ಕೈಕೊಡುತ್ತದೆ ಎಂಬ ಅವರ ಮಾತು ಸೈಕಲ್ಲಿಗಂತೂ ಪೂರಾ ನಿಜ. ಮನೆಗೊಂದು ರಿಪೇರಿ ಸ್ಟ್ಯಾಂಡು ತರುವ ಯೋಚನೆ ನನಗೆ ಹುಟ್ಟಿದ್ದು ಈ ಚೈನಿನಿಂದಲೇ. ಎಂಥದ್ದನ್ನು ತರಬೇಕು ಎಂಬ ಲೆಕ್ಕವನ್ನೂ ಚೈನೇ ಬಗೆಹರಿಸಿತು.

ಮೊದಲು ಓಣಿಯ ಸೈಕಲ್ ಶಾಪಿನ ಮೇಸ್ತ್ರಿಯನ್ನು ಕೇಳಿದೆ. ಅವರು ನಕ್ಕು, “ಸೈಕಲ್ಲಿಗೇ ಸ್ಟ್ಯಾಂಡ್ ಐತಲ್ರೀ ಸರ, ಸ್ಟ್ಯಾಂಡಿಗೊಂದು ಸ್ಟ್ಯಾಂಡ್ ಯಾಕ?” ಅಂದರು. ಅವರ ಮಾತಿನಲ್ಲಿ ಹುರುಳಿದೆ. ಹಾಲಿನವರು, ಹೊಲಕ್ಕೆ ಹೋಗುವವರು ಇಂದಿಗೂ ತುಳಿಯುವ ಕಪ್ಪು ಸೈಕಲ್ಲಿಗೆ ಎರಡು ಕಾಲಿನ ಗಟ್ಟಿ ಸ್ಟ್ಯಾಂಡಿರುತ್ತದೆ. ಅದನ್ನು ಕಾಲಿನಿಂದ ಒತ್ತಿ, ಕ್ಯಾರಿಯರ್ ಹಿಡಿದು ಹಿಂದಕ್ಕೆಳೆದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಪೆಡಲ್ ತಿರುಗಿಸುತ್ತಲೇ ಚೈನು ಒರೆಸಬಹುದು, ಎಣ್ಣೆ ಬಿಡಬಹುದು, ರಿಮ್ಮು ಸೊಟ್ಟಗಾಗಿದೆಯೇ ನೋಡಬಹುದು. ಅಂಥ ಸೈಕಲ್ಲೊಂದೇ ಇರುವ ಮನೆಯವರು ಬೇರೆ ಸ್ಟ್ಯಾಂಡಿಗೆ ದುಡ್ಡು ಹಾಕಬೇಕಿಲ್ಲ. ಪಂಚರಿಗೂ ಸ್ಟ್ಯಾಂಡು ಬೇಡ. ನಮ್ಮ ಮೇಸ್ತ್ರಿಗಳು ಚಕ್ರವನ್ನೇ ಬಿಚ್ಚದೆ, ಟೈರಿನ ಒಂದು ಅಂಚು ಬಿಡಿಸಿ, ಟ್ಯೂಬನ್ನು ಪಕ್ಕಕ್ಕೆಳೆದು ನೀರಿಗೆ ಹಿಡಿಯುತ್ತಾರಲ್ಲ!

ತೊಡಕು ಶುರುವಾಗುವುದು ಗೇರ್ ಸೈಕಲ್ಲಿನಿಂದ. ಅದಕ್ಕೆ ಇರುವುದು ಸೈಡ್ ಸ್ಟ್ಯಾಂಡ್ ಮಾತ್ರ, ಎರಡು ಚಕ್ರವೂ ನೆಲದ ಮೇಲೇ. ಗೇರು ಹೊಂದಿಸಬೇಕಾದರೆ ಒಂದು ಕೈ ಪೆಡಲ್ ತಿರುಗಿಸಬೇಕು, ಒಂದು ಕೈ ಹ್ಯಾಂಡಲ್ಲಿನಲ್ಲಿ ಗೇರು ಬದಲಿಸಬೇಕು, ಹಿಂದಿನ ಚಕ್ರ ಗಾಳಿಯಲ್ಲಿರಬೇಕು. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಗೇರಿನ ಗುಂಡಿ ಹ್ಯಾಂಡಲ್ಲಿನ ಅಡಿ ಸೇರುತ್ತದೆ, ಎಡಬಲ ಅದಲುಬದಲಾಗುತ್ತವೆ. ಆಯಿಲ್ ಬ್ರೇಕಿನ ಸೈಕಲ್ಲಾದರೆ ಮೇಲಿದ್ದ ಗಾಳಿಗುಳ್ಳೆ ಪೈಪಿನೊಳಗೆ ಇಳಿದು ಬ್ರೇಕು ಮೆತ್ತಗಾಗಲೂಬಹುದು.

ಇದಕ್ಕೆ ಇರುವ ದಾರಿಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಹಿಂದಿನ ಚಕ್ರವನ್ನಷ್ಟೇ ಎತ್ತಿ ಹಿಡಿಯುವ ಸಣ್ಣ ಕಬ್ಬಿಣದ ಸ್ಟ್ಯಾಂಡು. ಅಂಗಡಿಗಳಲ್ಲಿ ಹೊಸ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿರುವುದು ಇದರಲ್ಲೇ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಇದರ ಎರಡು ಕೊಕ್ಕೆಗಳು ಹಿಂದಿನ ಚಕ್ರದ ಎಡಬದಿಯ ಎರಡು ಪೈಪುಗಳಿಗೆ ಸಿಕ್ಕಿಕೊಳ್ಳುತ್ತವೆ. ಕೊಳ್ಳುವಾಗ ನೋಡಬೇಕಾದದ್ದೂ ಎಡಬದಿಯನ್ನೇ. ಡಿಸ್ಕ್ ಬ್ರೇಕು, ಸೈಡ್ ಸ್ಟ್ಯಾಂಡು, ಕ್ಯಾರಿಯರಿನ ಕಂಬಿ ಎಲ್ಲ ಅಲ್ಲೇ ಕಿಕ್ಕಿರಿದಿರುತ್ತವೆ. ಕೊಕ್ಕೆ ಕೂರಲು ನಾಲ್ಕು ಬೆರಳು ಜಾಗವೂ ಇಲ್ಲದಿದ್ದರೆ ಆ ಸ್ಟ್ಯಾಂಡು ನಿಮ್ಮ ಸೈಕಲ್ಲಿಗಲ್ಲ.

ಎರಡನೆಯ ದಾರಿಗೆ ದುಡ್ಡೇ ಬೇಡ, ಹಳೇ ಮನೆ ಬೇಕು. ನಮ್ಮ ಓಣಿಯ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ತೊಲೆಗೆ ತೊಟ್ಟಿಲು ಕಟ್ಟುವ ಕೊಂಡಿಗಳು ಇನ್ನೂ ಇವೆ. ಒಂದು ಹಗ್ಗ ಸೀಟಿನ ಅಡಿಗೆ, ಇನ್ನೊಂದು ಹ್ಯಾಂಡಲ್ಲಿನ ಬುಡಕ್ಕೆ ಕಟ್ಟಿ ಎಳೆದರೆ ಸೈಕಲ್ಲು ಸೊಂಟದ ಎತ್ತರಕ್ಕೆ ಬರುತ್ತದೆ. ತೊಲೆಗೆ ಗೆದ್ದಲು ಹಿಡಿದಿಲ್ಲವೆಂದು ಮೊದಲು ಬಡಿದು ನೋಡಬೇಕು. ತೊಳೆಯಲು, ಒರೆಸಲು, ಗೇರು ನೋಡಲು ಇದು ಸಾಕು. ಬಿಗಿ ನಟ್ಟು ಬಿಚ್ಚಲು ಹೋದರೆ ಮಾತ್ರ ಸೈಕಲ್ಲು ಪಾನಾದ ಜೊತೆಯೇ ತೂಗಾಡುತ್ತದೆ.

ಮೂರನೆಯದು ಚಿತ್ರಗಳಲ್ಲಿ ಕಾಣುವ ನಿಜವಾದ ರಿಪೇರಿ ಸ್ಟ್ಯಾಂಡು, ಅಂದರೆ ಒಂದು ಕಂಬ, ಅಡಿಗೆ ಕಾಲುಗಳು, ಮೇಲೆ ಸೈಕಲ್ಲನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪು. ಬೆಲೆ ಸಾವಿರಗಳ ಲೆಕ್ಕಕ್ಕೆ ಏರುವುದರಿಂದ ಇಲ್ಲಿ ನಿಧಾನಿಸಿ ನೋಡಬೇಕು.

ಮೊದಲ ಪ್ರಶ್ನೆ, ಕ್ಲ್ಯಾಂಪು ಕಚ್ಚುವುದೆಲ್ಲಿಗೆ? ಗೇರ್ ಸೈಕಲ್ಲಿನಲ್ಲಿ ಸೀಟಿನ ಪೈಪಿಗೇ ಹಾಕಬೇಕು. ಮುಂದಿನ ಬಾರಿನ ಅಲ್ಯುಮಿನಿಯಂ ತೆಳು, ಬಿಗಿ ಮಾಡಿದರೆ ನೆಗ್ಗುತ್ತದೆ. ಕಪ್ಪು ಸೈಕಲ್ಲಿನಲ್ಲಿ ಸ್ಪ್ರಿಂಗ್ ಸೀಟಿನ ಅಡಿ ಪೈಪು ಗೇಣುದ್ದವೂ ಹೊರಗಿರುವುದಿಲ್ಲ. ಅಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವ ಬಾರಿಗೇ ಹಾಕಬಹುದು, ಅದು ಗಟ್ಟಿ ಸ್ಟೀಲು. ಇನ್ನು 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಹುಡುಗಿಯರದಕ್ಕೆ ಬಾರೇ ಇಲ್ಲ. ಅಂಥದ್ದೊಂದು ನಮ್ಮ ಮನೆಯಲ್ಲೂ ಇದೆ. ಅದಕ್ಕೆ ಕ್ಲ್ಯಾಂಪು ಬೇಕೆಂದರೆ ಸೀಟನ್ನು ಮೇಲೆತ್ತಲೇಬೇಕು. ಎತ್ತುವ ಮುಂಚೆ ಪೈಪಿಗೆ ಟೇಪು ಸುತ್ತಿ ಗುರುತು ಮಾಡಿಕೊಂಡರೆ ಆಮೇಲೆ ಎತ್ತರದ ಜಗಳವಿರುವುದಿಲ್ಲ. ಎಲ್ಲಿಗೇ ಹಾಕಿ, ಮೊದಲು ಆ ಜಾಗವನ್ನೂ ಕ್ಲ್ಯಾಂಪಿನ ಬಾಯಿಯ ರಬ್ಬರನ್ನೂ ಒರೆಸಿ. ಅದಿರಿನ ದೂಳು ಸಿಕ್ಕಿಕೊಂಡರೆ ಬಣ್ಣ ಕೆತ್ತಿ ಬರುತ್ತದೆ.

ಎರಡನೆಯದು ತೂಕ. ಗೇರ್ ಸೈಕಲ್ಲು 14-15 ಕಿಲೋ ತೂಗಿದರೆ ಕಪ್ಪು ಸೈಕಲ್ಲು 20 ಕಿಲೋ ದಾಟುತ್ತದೆ. ಸ್ಟ್ಯಾಂಡಿನ ಮೇಲೆ ಬರೆದ ತೂಕವನ್ನಷ್ಟೇ ಓದಿದರೆ ಸಾಲದು. ಸೀಟಿನ ಹತ್ತಿರ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಮುಂದಿನ ಚಕ್ರ ಕೆಳಗೆಳೆಯುತ್ತದೆ. ಆ ಸೆಳೆತ ಬೀಳುವುದು ಕ್ಲ್ಯಾಂಪು ಕಂಬಕ್ಕೆ ಸೇರುವ ಕೀಲಿನ ಮೇಲೆ. ಆ ಕೀಲಿನಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಹಲ್ಲುಗಳಿದ್ದರೆ ಒಳ್ಳೆಯದು. ತಿರುಪಿನ ಬಿಗಿಯನ್ನೇ ನಂಬಿದ್ದಾದರೆ ಮೆಲ್ಲಗೆ ಜಾರುತ್ತದೆ. ಸಾಧ್ಯವಾದರೆ ನಿಮ್ಮ ಸೈಕಲ್ಲನ್ನೇ ಅಂಗಡಿಗೆ ಒಯ್ದು ಏರಿಸಿ, ಮುಂದಿನ ಚಕ್ರವನ್ನು ಅಂಗೈಯಿಂದ ಒತ್ತಿ ನೋಡಿ. ಕೀಲು ತಿರುಗಿತೋ, ಹಣ ಜೇಬಿನಲ್ಲೇ ಇರಲಿ.

ಮೂರನೆಯದು ನೆಲ. ಮುಂದಕ್ಕೆ ಚಾಚಿದ ಎರಡು ಕಾಲಿನ ಸ್ಟ್ಯಾಂಡಿಗೆ ಸಪಾಟು ನೆಲ ಬೇಕು. ನಮ್ಮ ಅಂಗಳದ ಹಾಸುಗಲ್ಲು ಬಚ್ಚಲಿನ ಕಡೆ ಇಳಿಜಾರು, ಕಲ್ಲುಗಳ ನಡುವೆ ಏರುತಗ್ಗು. ಇಂಥಲ್ಲಿ ಮೂರು ಕಾಲಿನದೇ ಅಲುಗದೆ ನಿಲ್ಲುತ್ತದೆ. ಒಂದು ಕಾಲು ಸೈಕಲ್ಲಿನ ಮುಂದಿನ ಚಕ್ರದ ಕಡೆಗೇ ಚಾಚಿರುವಂತೆ ಇಡಬೇಕು, ಭಾರ ವಾಲುವುದು ಆ ಕಡೆಗೇ ತಾನೆ.

ಕೊಳ್ಳುವ ಬದಲು ಮಾಡಿಸಿಕೊಳ್ಳುವುದೂ ಒಂದು ದಾರಿ. ಅಮೆರಿಕದ ಮಿನೆಸೋಟಾದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಹೊವಾರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ಬಗ್ಗಿ ಬಗ್ಗಿ ರಿಪೇರಿ ಮಾಡಿ ಬೇಸತ್ತು, ಸಿಕ್ಕ ಗುಜರಿ ಸಾಮಾನಿನಲ್ಲೇ ತಮಗೊಂದು ಸ್ಟ್ಯಾಂಡು ಕಟ್ಟಿಕೊಂಡರು. ಸೈಕಲ್ ಹತ್ಯಾರುಗಳಿಗೆ ಇಂದು ಜಗತ್ತಿನಲ್ಲೆಲ್ಲ ಹೆಸರಾದ ಪಾರ್ಕ್ ಟೂಲ್ ಕಂಪನಿ 1963ರಲ್ಲಿ ಹುಟ್ಟಿದ್ದು ಹಾಗೆ. ನಮ್ಮದಂತೂ ಅಣೆಕಟ್ಟುಗಳಿಗೆ ಗೇಟು ಮಾಡಿದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಇದ್ದ ಊರು, ವೆಲ್ಡಿಂಗ್ ಬಲ್ಲವರಿಗೆ ಬರವಿಲ್ಲ. ಹಿಂದಿನ ಚಕ್ರ ಎತ್ತುವ ಸ್ಟ್ಯಾಂಡನ್ನು ಅಳತೆ ಕೊಟ್ಟು ಮಾಡಿಸಬಹುದು, ಅದು ಬಾಗಿಸಿ ಬೆಸೆದ ಸರಳು ಅಷ್ಟೆ. ಕ್ಲ್ಯಾಂಪನ್ನು ಮಾತ್ರ ಸಿದ್ಧವಾದದ್ದನ್ನೇ ತರುವುದು ಮೇಲು. ಸಮನಾಗಿ ಒತ್ತದ ಬಾಯಿ ಪೈಪನ್ನು ಕೆಡಿಸುತ್ತದೆ.

ಸ್ಟ್ಯಾಂಡು ಬಂದ ಮೇಲೂ ಕೆಲವು ಕೆಲಸಗಳನ್ನು ನೆಲದ ಮೇಲೇ ಮಾಡಬೇಕು. ತುಕ್ಕು ಹಿಡಿದ ಪೆಡಲ್ ಬಿಚ್ಚುವಾಗ ಮೈಭಾರವೆಲ್ಲ ಹಾಕುತ್ತೇವೆ. ಆಗ ಎರಡೂ ಚಕ್ರ ನೆಲದಲ್ಲಿರಲಿ. ಎಡಗಡೆಯ ಪೆಡಲ್ ತಿರುಪು ಉಲ್ಟಾ ಎಂಬುದೂ ನೆನಪಿರಲಿ. ಕಪ್ಪು ಸೈಕಲ್ಲಿನ ಕಾಟರ್ ಪಿನ್ ಸುತ್ತಿಗೆ ಏಟಿಗೆ ಮಾತ್ರ ಬರುತ್ತದೆ. ಆ ಏಟುಗಳನ್ನು ಕ್ಲ್ಯಾಂಪಿನ ಮೇಲೆ ಹಾಕಿದರೆ ಕೀಲು ಸಡಿಲಾಗುತ್ತದೆ. ಫ್ರೀವೀಲ್ ಬಿಚ್ಚುವುದನ್ನು, ರಿಮ್ಮಿನ ಸೊಟ್ಟ ತೆಗೆಯುವುದನ್ನು ನಾನು ಈಗಲೂ ಮೇಸ್ತ್ರಿಗೇ ಬಿಡುತ್ತೇನೆ.

ನಮ್ಮ ಮನೆಯಲ್ಲಿ ಈಗ ಎರಡೂ ಇವೆ, ಮೂರು ಕಾಲಿನ ಮಡಚುವ ಕ್ಲ್ಯಾಂಪ್ ಸ್ಟ್ಯಾಂಡು ಮತ್ತು ಹಿಂದಿನ ಚಕ್ರ ಎತ್ತುವ ಸಣ್ಣದು. ಹಂಪಿಗೋ ಕಂಪ್ಲಿಗೋ ಹೋಗಿಬಂದ ಸಂಜೆ ಕೈಗೆ ಬರುವುದು ಸಣ್ಣದೇ. ಬಾಗಿಲ ಹಿಂದಿನಿಂದ ತೆಗೆದು ಚಕ್ರ ಸಿಕ್ಕಿಸಿದರೆ ಕೈಯಲ್ಲಿನ ಚಹಾ ಆರುವಷ್ಟರಲ್ಲಿ ಚೈನು ಒರೆಸಿ ಮುಗಿದಿರುತ್ತದೆ. ದೊಡ್ಡದು ಬಿಚ್ಚಿಕೊಳ್ಳುವುದು ಗೇರಿನ ಕೇಬಲ್ಲು ಬದಲಿಸುವ ದಿನ ಮಾತ್ರ. ಹಾಗಾಗಿ ಕೇಳಿದವರಿಗೆ ನಾನು ಹೇಳುವುದಿಷ್ಟೇ. ಮೊದಲು ಸಣ್ಣದನ್ನು ತನ್ನಿ, ಅಟ್ಟಕ್ಕೆ ಹಾಕದೆ ಕೈಗೆಟುಕುವಲ್ಲಿ ಇಡಿ, ಒಂದು ಬೇಸಿಗೆ, ಒಂದು ಮಳೆಗಾಲ ಅದರಲ್ಲೇ ಕಳೆಯಿರಿ. ಆಮೇಲೂ ಗೇರು ನಿಮ್ಮನ್ನು ಕಾಡುತ್ತಿದ್ದರೆ ಕ್ಲ್ಯಾಂಪಿಗೆ ದುಡ್ಡು ಹಾಕಿ. ಚೈನು ಹೊತ್ತಿಗೆ ಸರಿಯಾಗಿ ಒರೆಸುವ ಮನೆಯಲ್ಲಿ ಗೇರು ಅಷ್ಟೇನೂ ಕಾಡುವುದಿಲ್ಲ.